ಬಿಟ್ಟವರ ಮನೆಯ ಬಾಗಿಲು

ಕುಡಿಯಬೇಕೆನ್ನುವವನಿಗೆ ಬಾಗಿಲು ತೆರೆಯುವ ಅಂಗಡಿ ಪ್ರತಿಯೊಂದು ಪೇಟೆಯಲ್ಲಿಯೂ ಉಂಟು. ಕೈಯಲ್ಲಿ ಕಾಸಿದ್ದರೆ ಸಾಕು. ನೀನು ಯಾರ ಮಗ, ನಿನ್ನೆ ರಾತ್ರಿ ಎಲ್ಲಿದ್ದೆ, ಮನೆಯಲ್ಲಿ ಅಕ್ಕಿ ಇದೆಯೇ ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಕುಡಿತವನ್ನು ಬಿಡಬೇಕೆನ್ನುವವನಿಗೂ ಈಗ ಆಸ್ಪತ್ರೆಗಳಿವೆ, ವೈದ್ಯರಿದ್ದಾರೆ. ಆದರೆ ಬಿಟ್ಟುಬಂದವನಿಗೆ? ಆಸ್ಪತ್ರೆಯ ಮೆಟ್ಟಿಲಿಳಿದು, ಬಟ್ಟೆಯ ಗಂಟನ್ನು ಕಂಕುಳಲ್ಲಿರಿಸಿಕೊಂಡು ಬೀದಿಯಲ್ಲಿ ನಿಂತವನಿಗೆ ತೆರೆಯುವ ಬಾಗಿಲು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ಮನುಷ್ಯರು ನೂರೆಂಬತ್ತು ವರ್ಷಗಳಿಗಿಂತ ಹೆಚ್ಚು ಕಾಲವನ್ನು ಕಳೆದಿದ್ದಾರೆ. ಆ ಹುಡುಕಾಟದ ಕಥೆಯನ್ನು ಸಂಗ್ರಹವಾಗಿ ಹೇಳಬೇಕೆಂದು ನನ್ನ ಉದ್ದೇಶ.

ಬಿಡುವುದು ಬೇರೆ, ಬಿಟ್ಟು ಬಾಳುವುದು ಬೇರೆ. ಮೈಯಿಂದ ಮದ್ಯದ ವಿಷ ಇಳಿಯುವುದಕ್ಕೆ ಕೆಲವು ದಿನಗಳು ಸಾಕು. ಮನಸ್ಸಿನಿಂದ ಇಳಿಯುವುದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳೇ ಬೇಕು. ಅಷ್ಟರೊಳಗೆ ಆತ ಅದೇ ಬೀದಿಗೆ, ಅದೇ ಗೆಳೆಯರ ನಡುವೆ, ಅದೇ ಸಂಬಳದ ದಿನದ ಸಂಜೆಗೆ ಹಿಂದಿರುಗಿದರೆ ಆಗುವುದೇನೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಆಸ್ಪತ್ರೆಗೂ ಸ್ವಂತ ಮನೆಗೂ ನಡುವೆ ಇನ್ನೊಂದು ಮನೆ ಬೇಕು. ಅಲ್ಲಿ ಯಾರೂ ಕುಡಿಯಬಾರದು, ಆದರೆ ಅದು ಆಸ್ಪತ್ರೆಯೂ ಆಗಬಾರದು, ಸೆರೆಮನೆಯೂ ಆಗಬಾರದು. ಅಮೆರಿಕದವರು ಇದನ್ನು ಸೋಬರ್ ಹೋಮ್ ಎನ್ನುತ್ತಾರೆ. ನಾನು ಸುಲಭವಾಗಿ ‘ಬಿಟ್ಟವರ ಮನೆ’ ಎಂದು ಕರೆಯುತ್ತೇನೆ. ಇಂಥ ಮನೆಗಳ ಚರಿತ್ರೆಯನ್ನು ಅವುಗಳ ಸ್ಥಾಪಕರ ಹೆಸರುಗಳಿಂದ ಹೇಳಬಹುದು, ಕಟ್ಟಡಗಳಿಂದ ಹೇಳಬಹುದು. ನನಗೆ ತೋರುವಂತೆ ಅದನ್ನು ಬಾಗಿಲಿನಿಂದ ಹೇಳುವುದೇ ಸರಿ: ಒಳಗೆ ಹೋಗಬೇಕಾದವನು ಏನು ಮಾಡಬೇಕಾಗಿತ್ತು, ಮತ್ತು ಬೀಗದ ಕೈ ಯಾರ ಸೊಂಟದಲ್ಲಿತ್ತು?

ಕಥೆ ಆರಂಭವಾಗುವುದು ಹೆಂಡದಂಗಡಿಯಲ್ಲಿಯೇ. 1840ನೆಯ ಇಸವಿಯ ಏಪ್ರಿಲ್ ತಿಂಗಳು. ಅಮೆರಿಕದ ಬಾಲ್ಟಿಮೋರ್ ಪಟ್ಟಣದಲ್ಲಿ ಚೇಸ್ ಎಂಬವನ ಪಾನಗೃಹ. ಅಲ್ಲಿ ನಿತ್ಯವೂ ಕೂಡುತ್ತಿದ್ದ ಆರು ಮಂದಿ ಗೆಳೆಯರು—ದರ್ಜಿ, ಬಡಗಿ, ಕಮ್ಮಾರ, ಬೆಳ್ಳಿಯ ಕೆಲಸದವ, ಹೀಗೆ ಕೈಕಸಬಿನವರು—ಊರಿಗೆ ಬಂದಿದ್ದ ಒಬ್ಬ ಪಾನವಿರೋಧಿ ಉಪನ್ಯಾಸಕನ ಮಾತನ್ನು ಕೇಳಿಬರಲೆಂದು ತಮ್ಮಲ್ಲಿ ಕೆಲವರನ್ನು ಕಳುಹಿಸಿದರು. ತಮಾಷೆಗೆಂದು ಆರಂಭವಾದದ್ದು ವಾದಕ್ಕೆ ತಿರುಗಿ, ವಾದ ಪ್ರತಿಜ್ಞೆಯಲ್ಲಿ ಮುಗಿಯಿತು. ಆರು ಮಂದಿಯೂ ಇನ್ನು ಕುಡಿಯುವುದಿಲ್ಲವೆಂದು ಬರೆದು ರುಜು ಹಾಕಿ, ತಮ್ಮ ಸಂಘಕ್ಕೆ ಜಾರ್ಜ್ ವಾಷಿಂಗ್ಟನ್ನನ ಹೆಸರಿಟ್ಟರು.

ಇದರ ಹೊಸತನವನ್ನು ತಿಳಿಯಬೇಕಾದರೆ ಅದಕ್ಕೆ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ಅದುವರೆಗಿನ ಪಾನವಿರೋಧಿ ಸಂಘಗಳು ಮುಖ್ಯವಾಗಿ ಕುಡಿಯದವರನ್ನು ಕುಡಿಯದಂತೆ ಕಾಪಾಡಲು ಹೊರಟಿದ್ದವು. ಕುಡುಕನಾದರೋ ಕೈಬಿಟ್ಟ ಲೆಕ್ಕ. ವಾಷಿಂಗ್ಟನ್ ಸಂಘದವರು ಕುಡುಕನನ್ನೇ ಹುಡುಕಿಕೊಂಡು ಹೋದರು. ಅವರ ಸಭೆಗಳಲ್ಲಿ ಪಾದ್ರಿಯ ಉಪದೇಶಕ್ಕಿಂತ ಕುಡಿದು ಬಿಟ್ಟವನ ಅನುಭವಕ್ಕೆ ಬೆಲೆ ಹೆಚ್ಚು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡ್ ಊರಿನ ಇಂಥದೇ ಒಂದು ಸಂಘದಲ್ಲಿ ತರುಣ ವಕೀಲನೊಬ್ಬ ಭಾಷಣ ಮಾಡಿದ. ಹಳೆಯ ಸುಧಾರಕರು ಕುಡುಕನನ್ನು ಶಪಿಸಿ ಸೋತರು, ಇವರು ಅವನನ್ನು ಗೆಳೆಯನಂತೆ ಕರೆದು ಗೆದ್ದರು ಎಂಬುದು ಅವನ ಮಾತಿನ ತಿರುಳು. ಆ ವಕೀಲನ ಹೆಸರು ಅಬ್ರಹಾಂ ಲಿಂಕನ್.

ಸಂಘ ಬೆಂಕಿಯಂತೆ ಹಬ್ಬಿ, ಹುಲ್ಲಿನ ಬೆಂಕಿಯಂತೆಯೇ ಕೆಲವು ವರ್ಷಗಳಲ್ಲಿ ಆರಿಹೋಯಿತು. ಆದರೆ ಅದರ ಕಾವು ಒಂದೆರಡು ಕಡೆ ಉಳಿಯಿತು. ಪ್ರತಿಜ್ಞೆಗೆ ರುಜು ಹಾಕಿದವನು ರಾತ್ರಿ ಎಲ್ಲಿ ಮಲಗಬೇಕು ಎಂಬ ಬಹಳ ಸಾಮಾನ್ಯವಾದ ತೊಡಕು ಕಾರ್ಯಕರ್ತರಿಗೆ ಎದುರಾಯಿತು. ಬಾಸ್ಟನ್ನಿನಲ್ಲಿ ಸಂಘದ ಸಭಾಂಗಣದ ಕೆಳಗಿನ ಕೋಣೆಗಳಲ್ಲಿಯೇ ಅವರಿಗೆ ಮಲಗಲು ಜಾಗ ಮಾಡಿದರು. ಈ ಬೀಜದಿಂದ 1857ರಲ್ಲಿ ಬಾಸ್ಟನ್ನಿನ ಆಶ್ರಯಗೃಹವೂ, 1863ರಲ್ಲಿ ಷಿಕಾಗೋವಿನ ಗೃಹವೂ ಹುಟ್ಟಿದವು. ಇಲ್ಲಿ ಬಾಗಿಲಿಗೆ ಬೀಗವಿರಲಿಲ್ಲವೆಂದೇ ಹೇಳಬಹುದು. ಬರುವವನು ತಾನಾಗಿ ಬರಬೇಕು, ಇರುವವನು ತಾನಾಗಿ ಇರಬೇಕು ಎಂಬುದು ಅಲ್ಲಿನ ತತ್ತ್ವ.

ಇದಕ್ಕೆ ಎದುರಾಗಿ ಇನ್ನೊಂದು ಮತ ಬಲವಾಯಿತು. ಕುಡಿತ ಪಾಪವಲ್ಲ, ರೋಗ. ರೋಗಿಯ ಇಚ್ಛೆಯೇ ಕೆಟ್ಟಿರುವಾಗ ಅವನ ಇಚ್ಛೆಯನ್ನು ಕೇಳಿ ಪ್ರಯೋಜನವೇನು, ಅವನನ್ನು ಹಿಡಿದಿಡುವ ಅಧಿಕಾರ ವೈದ್ಯನಿಗಿರಬೇಕು ಎಂಬುದು ಆ ಮತ. ಡಾಕ್ಟರ್ ಜೋಸೆಫ್ ಎಡ್ವರ್ಡ್ ಟರ್ನರ್ ಎಂಬವರ ಪರಿಶ್ರಮದಿಂದ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ನಿನಲ್ಲಿ 1858ರಲ್ಲಿ ಅಸ್ತಿಭಾರ ಹಾಕಿ, 1864ರಲ್ಲಿ ಒಂದು ಮಹಾ ಚಿಕಿತ್ಸಾಲಯವನ್ನು ತೆರೆದರು. ಗುಡ್ಡದ ಮೇಲೆ ಕೋಟೆಯಂತೆ ನಿಂತ ಕಲ್ಲಿನ ಕಟ್ಟಡ. ಅದನ್ನು ಕಟ್ಟುವುದಕ್ಕೆ ಹಿಡಿದಷ್ಟು ಛಲ ಅದನ್ನು ನಡೆಸುವುದರಲ್ಲಿ ಕೂಡಿಬರಲಿಲ್ಲ. ಆಡಳಿತದ ಜಗಳಗಳಲ್ಲಿ ಟರ್ನರ್ ಹೊರಬೀಳಬೇಕಾಯಿತು. 1879ರಲ್ಲಿ ಸರ್ಕಾರ ಅದನ್ನು ಹುಚ್ಚಾಸ್ಪತ್ರೆಯನ್ನಾಗಿ ಪರಿವರ್ತಿಸಿತು. ಕುಡಿತ ರೋಗವೆಂಬ ಮಾತು ಮಾತ್ರ ಉಳಿಯಿತು, ಕಟ್ಟಡವೂ ಉಳಿಯಿತು.

ಅದೇ 1879ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾನೂನನ್ನು ಮಾಡಿತು. ಬಾಗಿಲಿನ ಚರಿತ್ರೆಯಲ್ಲಿ ಇದಕ್ಕಿಂತ ವಿಚಿತ್ರವಾದ ಅಧ್ಯಾಯ ನನಗೆ ಬೇರೆ ಕಾಣುವುದಿಲ್ಲ. ಪಾನಚಟದವರ ವಿಚಾರವಾಗಿ ಮಾಡಿದ ಈ ಕಾನೂನಿನ ಪ್ರಕಾರ, ಅನುಮತಿ ಪಡೆದ ಖಾಸಗಿ ಗೃಹವೊಂದಕ್ಕೆ ಸೇರಬಯಸುವವನು ಮೊದಲು ತಾನೇ ಅರ್ಜಿ ಬರೆಯಬೇಕು. ಈತ ಕಾನೂನಿನ ಅರ್ಥದಲ್ಲಿ ಪಾನಚಟದವನು ಹೌದೆಂದು ಇಬ್ಬರು ಹೇಳಿಕೆ ಕೊಡಬೇಕು. ಆಮೇಲೆ ಇಬ್ಬರು ಮ್ಯಾಜಿಸ್ಟ್ರೇಟರ ಎದುರಿಗೆ ನಿಂತು ರುಜು ಹಾಕಬೇಕು. ಆ ರುಜುವಿನ ಪರಿಣಾಮವೇನೆಂಬುದನ್ನು ಅವರು ಅವನಿಗೆ ತಿಳಿಯಹೇಳಬೇಕು. ಪರಿಣಾಮವೇನೆಂದರೆ, ಒಮ್ಮೆ ಒಳಹೊಕ್ಕ ಮೇಲೆ ಗೊತ್ತುಮಾಡಿದ ಅವಧಿ ಮುಗಿಯುವವರೆಗೆ ಹೊರಡುವಂತಿಲ್ಲ. ಅವಧಿ ಹನ್ನೆರಡು ತಿಂಗಳವರೆಗೂ ಇರಬಹುದು. ಖರ್ಚು ಅವನದೇ!

ತನ್ನ ಸ್ವಾತಂತ್ರ್ಯವನ್ನು ತಾನೇ ಬರೆದುಕೊಡುವ ಈ ಕ್ರಮವನ್ನು ಹಾಸ್ಯಮಾಡುವುದು ಸುಲಭ. ಆದರೆ ಇಂಗ್ಲಿಷರಿಗೆ ವ್ಯಕ್ತಿಯನ್ನು ಅವನ ಒಪ್ಪಿಗೆಯಿಲ್ಲದೆ ಹಿಡಿದಿಡುವುದಕ್ಕೆ ಮನಸ್ಸಿಲ್ಲ; ಒಪ್ಪಿಗೆಯನ್ನು ನಂಬಿ ಬಿಡುವುದಕ್ಕೆ ಧೈರ್ಯವಿಲ್ಲ. ಬೆಳಗ್ಗೆ ಬಂದ ವೈರಾಗ್ಯ ಸಂಜೆಗೆ ಉಳಿಯುವುದಿಲ್ಲವೆಂಬುದನ್ನು ಅವರೂ ಬಲ್ಲರು. ಆದುದರಿಂದ ಬೆಳಗಿನ ಮನುಷ್ಯನಿಂದ ಸಂಜೆಯ ಮನುಷ್ಯನನ್ನು ಕಟ್ಟಿಹಾಕಿಸಿದರು. ಪರಿಣಾಮವಾಗಿ ಹಣವಂತರು ಕೆಲವರು ಸೇರಿದರು. ಈ ಕಾನೂನಿಗಾಗಿ ಹೋರಾಡಿ 1873ರಲ್ಲಿ ತೀರಿಕೊಂಡಿದ್ದ ಡಾಕ್ಟರ್ ಡಾಲ್ರಿಂಪಲ್ ಅವರ ನೆನಪಿಗೆ ರಿಕ್‌ಮನ್ಸ್‌ವರ್ತಿನಲ್ಲಿ 1883ರಲ್ಲಿ ಒಂದು ಗೃಹ ತೆರೆಯಿತು. ಬಡವನ ಪಾಲಿಗೆ ಮಾತ್ರ ಬೀದಿ, ಪೋಲೀಸು, ಸೆರೆಮನೆ ಇವೇ ಉಳಿದವು. 1898ರ ಕಾನೂನು ಬಡವರಿಗೂ ಬಾಗಿಲು ತೆರೆಯಿತು, ಆದರೆ ಅದು ನ್ಯಾಯಾಲಯದ ಬಾಗಿಲು. ಕುಡಿದು ಅಪರಾಧ ಮಾಡಿದವರನ್ನು ಸುಧಾರಣಾಲಯಗಳಿಗೆ ಕಳುಹಿಸುವ ವ್ಯವಸ್ಥೆ. ಅಲ್ಲಿಗೆ ಸೇರಬೇಕಾದರೆ ಮೊದಲು ಅಪರಾಧಿಯಾಗಬೇಕು!

ಈ ಕತ್ತಲಿನಲ್ಲಿ ಒಂದು ದೀಪವನ್ನು ಹೆಸರಿಸದೆ ಮುಂದೆ ಹೋಗಲಾಗದು. ಲೇಡಿ ಹೆನ್ರಿ ಸಾಮರ್‌ಸೆಟ್ ಎಂಬ ಸಿರಿವಂತ ಮಹಿಳೆ 1895ರಲ್ಲಿ ಸರ್ರೆ ಪ್ರಾಂತದ ಡಕ್ಸ್‌ಹರ್ಸ್ಟಿನಲ್ಲಿ ಕುಡಿತಕ್ಕೆ ಬಲಿಯಾದ ಹೆಂಗಸರಿಗಾಗಿ ಒಂದು ಪುಟ್ಟ ಹಳ್ಳಿಯನ್ನೇ ಕಟ್ಟಿದರು. ಒಂದು ದೊಡ್ಡ ಕಟ್ಟಡವಲ್ಲ, ಚಿಕ್ಕ ಚಿಕ್ಕ ಮನೆಗಳು, ಸುತ್ತ ತೋಟ, ಕೈತುಂಬ ಕೆಲಸ. ಮನೆ ಕಳೆದುಕೊಂಡವರನ್ನು ಗುಣಪಡಿಸಬೇಕಾದರೆ ಅವರಿಗೆ ಮನೆಯನ್ನೇ ಕೊಡಬೇಕೆಂಬ ಸತ್ಯವನ್ನು ಮೊದಲು ಕಂಡವರಲ್ಲಿ ಅವರೂ ಒಬ್ಬರು.

ಇನ್ನು ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1935ರಲ್ಲಿ ಅಮೆರಿಕದ ಅಕ್ರಾನ್ ಎಂಬ ಊರಿನಲ್ಲಿ ಷೇರು ವ್ಯವಹಾರದಲ್ಲಿ ಕೆಟ್ಟ ಬಿಲ್ ವಿಲ್ಸನ್, ಶಸ್ತ್ರಚಿಕಿತ್ಸಕ ಡಾಕ್ಟರ್ ರಾಬರ್ಟ್ ಸ್ಮಿತ್ ಇಬ್ಬರೂ ಭೇಟಿಯಾಗಿ, ಒಬ್ಬ ಕುಡುಕನನ್ನು ಇನ್ನೊಬ್ಬ ಕುಡುಕನೇ ಎತ್ತಬಲ್ಲನೆಂಬ ಹಳೆಯ ಬಾಲ್ಟಿಮೋರಿನ ಸತ್ಯವನ್ನು ಮತ್ತೆ ಕಂಡುಕೊಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಹುಟ್ಟಿದ್ದು ಹೀಗೆ. ಅದರ ಕಥೆ ಎಲ್ಲರಿಗೂ ತಿಳಿದದ್ದು. ತಿಳಿಯದ ಸಂಗತಿಯೊಂದಿದೆ: ಆರಂಭದ ವರ್ಷಗಳಲ್ಲಿ ಬಿಲ್ ವಿಲ್ಸನ್ ಬೀದಿಪಾಲಾದ ಕುಡುಕರನ್ನು ಬ್ರೂಕ್ಲಿನ್ನಿನ ತನ್ನ ಮನೆಗೇ ಕರೆತಂದು ಇರಿಸಿಕೊಳ್ಳುತ್ತಿದ್ದ. ಅಂಗಡಿಯಲ್ಲಿ ಸಂಬಳಕ್ಕೆ ದುಡಿದು ಆ ಮನೆಯನ್ನು ನಡೆಸುತ್ತಿದ್ದವಳು ಅವನ ಹೆಂಡತಿ ಲೋಯಿಸ್. ಎಲ್ಲ ದೊಡ್ಡ ಚಳುವಳಿಗಳ ಹಿಂದೆಯೂ ಯಾರೋ ಒಬ್ಬರು ಒಲೆಯ ಮುಂದೆ ನಿಂತಿರುತ್ತಾರೆ.

ಸಂಘ ಬೆಳೆದ ಮೇಲೆ ಅದು ಒಂದು ಕಟ್ಟುನಿಟ್ಟನ್ನು ಮಾಡಿಕೊಂಡಿತು: ಹೊರಗಿನ ಯಾವ ಆಸ್ಪತ್ರೆಗೂ ಗೃಹಕ್ಕೂ ತಾನು ಹಣ ಕೊಡುವುದಿಲ್ಲ, ಹೆಸರನ್ನೂ ಕೊಡುವುದಿಲ್ಲ. ಆಸ್ತಿ ಬಂದರೆ ಜಗಳ ಬರುತ್ತದೆಂಬ ದೂರದೃಷ್ಟಿ ಅದು. ಆದರೆ ಇದರಿಂದ ಸಭೆ ಒಬ್ಬರದು, ಮನೆ ಇನ್ನೊಬ್ಬರದು ಎಂದಾಯಿತು. 1950ರ ದಶಕದಿಂದ ಸ್ಥಳೀಯ ಸರ್ಕಾರಗಳೂ ದತ್ತಿಸಂಸ್ಥೆಗಳೂ ‘ನಡುದಾರಿಯ ಮನೆ’ಗಳನ್ನು ತೆರೆದವು; ಬೀಗದ ಕೈ ಸಂಬಳದ ಮೇಲ್ವಿಚಾರಕನ ಕೈ ಸೇರಿತು.

ಅಂಥದೊಂದು ಮನೆ ವಾಷಿಂಗ್ಟನ್ನಿಗೆ ಹತ್ತಿರದ ಸಿಲ್ವರ್ ಸ್ಪ್ರಿಂಗಿನಲ್ಲಿತ್ತು. ಆರು ತಿಂಗಳಾದೊಡನೆ ಯಾರೇ ಆಗಲಿ ಜಾಗ ಖಾಲಿಮಾಡಬೇಕೆಂಬುದು ಅಲ್ಲಿನ ನಿಯಮ. ಸಿದ್ಧರಾಗದೆಯೇ ಹೊರಬಿದ್ದವರು ಮತ್ತೆ ಕುಡಿತಕ್ಕೆ ಬೀಳುವುದನ್ನು ಉಳಿದವರು ಕಣ್ಣಾರೆ ಕಂಡಿದ್ದರು. 1975ರಲ್ಲಿ ಹಣವಿಲ್ಲವೆಂದು ಸ್ಥಳೀಯ ಸರ್ಕಾರ ಆ ಮನೆಯನ್ನೇ ಮುಚ್ಚಲು ಹೊರಟಿತು. ಒಳಗಿದ್ದ 13 ಮಂದಿ ಎಲ್ಲಿಗೆ ಹೋಗಬೇಕು? ಅವರಲ್ಲಿ ಒಬ್ಬ ಪಾಲ್ ಮಾಲಾಯ್. ಅಮೆರಿಕದ ಸೆನೆಟ್ಟಿನ ಸಮಿತಿಯಲ್ಲಿ ಕೆಲಸ ಮಾಡಿದ್ದ ವಕೀಲ, ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡಿದ್ದವ. ಮೇಲ್ವಿಚಾರಕನೂ ಅಡಿಗೆಯವನೂ ಇಲ್ಲದಿದ್ದರೆ ಖರ್ಚೆಷ್ಟಾಗುತ್ತದೆಂದು ಅವರು ಲೆಕ್ಕಹಾಕಿದರು. ಬಾಡಿಗೆ, ದೀಪ, ಊಟ—ಇಷ್ಟನ್ನೇ ಹಂಚಿಕೊಂಡರೆ ದುಡಿಯುವ ಯಾರೂ ಕೊಡಬಹುದಾದ ಮೊತ್ತ. ಆ ಮನೆಯನ್ನು ತಾವೇ ಬಾಡಿಗೆಗೆ ಹಿಡಿದು ಆಕ್ಸ್‌ಫರ್ಡ್ ಹೌಸ್ ಎಂದು ಹೆಸರಿಟ್ಟರು. ವಿಶ್ವವಿದ್ಯಾನಿಲಯಕ್ಕೂ ಇದಕ್ಕೂ ಸಂಬಂಧವಿಲ್ಲ; ಬಿಲ್ ವಿಲ್ಸನ್ನನಿಗೆ ದಾರಿತೋರಿದ್ದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಬಳಗದ ನೆನಪು ಅದು.

ಅವರು ಮಾಡಿಕೊಂಡ ಕಟ್ಟಳೆಗಳು ಮೂರೇ ಮೂರು. ಮನೆ ಪ್ರಜಾಪ್ರಭುತ್ವದ ರೀತಿಯಲ್ಲಿ ತನ್ನನ್ನು ತಾನೇ ಆಳಿಕೊಳ್ಳಬೇಕು. ತನ್ನ ಖರ್ಚನ್ನು ತಾನೇ ಹೊರಬೇಕು. ಕುಡಿದವನನ್ನು ಆ ಕ್ಷಣವೇ ಹೊರಗೆ ಕಳುಹಿಸಬೇಕು. ಕುಡಿಯದೆ ತನ್ನ ಪಾಲಿನ ಹಣವನ್ನು ಕೊಡುತ್ತಿರುವವನು ಎಷ್ಟು ಕಾಲ ಬೇಕಾದರೂ ಇರಬಹುದು. ಮೂರನೆಯ ಕಟ್ಟಳೆ ಕ್ರೂರವಾಗಿ ತೋರಬಹುದು. ಆದರೆ ಅದು ಹೊರಬಿದ್ದ ಒಬ್ಬನ ಮೇಲಿನ ಕೋಪಕ್ಕಿಂತ ಒಳಗಿರುವ ಹತ್ತು ಜನರ ಮೇಲಿನ ಕರುಣೆಯಿಂದ ಹುಟ್ಟಿದ್ದು. ಒಂದು ಸೀಸೆ ಒಳಗೆ ಬಂದರೆ ಆ ಮನೆ ಮನೆಯಾಗಿ ಉಳಿಯದು.

ಈಗ ಈ ಮನೆಗೆ ಸೇರುವ ಕ್ರಮವನ್ನು ನೋಡೋಣ. ಮ್ಯಾಜಿಸ್ಟ್ರೇಟರಿಲ್ಲ, ವೈದ್ಯರ ಶಿಫಾರಸೂ ಅನಿವಾರ್ಯವಲ್ಲ. ಮೊದಲು ಮೈಯಿಂದ ಮದ್ಯ ಇಳಿದಿರಬೇಕು. ಬಹುಕಾಲ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸನ್ನಿ, ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ ಆ ಕೆಲಸ ವೈದ್ಯರ ಕಣ್ಣೆದುರಿಗೇ ಆಗಬೇಕು. ಆಮೇಲೆ ಎಲ್ಲಿ ಜಾಗ ಖಾಲಿಯಿದೆಯೆಂದು ವಿಚಾರಿಸಿ ಆ ಮನೆಗೆ ಅರ್ಜಿ ಬರೆಯಬೇಕು. ಬಳಿಕ ಮನೆಯವರೆಲ್ಲ ಸೇರಿ ಅರ್ಜಿದಾರನನ್ನು ಕೂರಿಸಿಕೊಂಡು ಮಾತನಾಡಿಸುತ್ತಾರೆ. ಕೊನೆಯ ಸಲ ಕುಡಿದದ್ದು ಯಾವಾಗ? ಕೆಲಸವುಂಟೇ, ಇಲ್ಲದಿದ್ದರೆ ಹುಡುಕುತ್ತೀಯಾ? ನಿನ್ನ ಪಾಲಿನ ಹಣವನ್ನು ಹೇಗೆ ಕೊಡುತ್ತೀ? ಕೇಳುವವರೆಲ್ಲರೂ ಒಂದು ಕಾಲಕ್ಕೆ ಇದೇ ಸುಳ್ಳುಗಳನ್ನು ಹೇಳಿದವರಾದ್ದರಿಂದ ಅವರ ಮುಂದೆ ಸುಳ್ಳು ಬಹಳ ಹೊತ್ತು ನಿಲ್ಲುವುದಿಲ್ಲ. ಕೊನೆಗೆ ಮತ ಹಾಕುತ್ತಾರೆ. ನೂರಕ್ಕೆ 80ರಷ್ಟು ಮಂದಿ ಒಪ್ಪಿದರೆ ಒಳಗೆ. ಇಲ್ಲದಿದ್ದರೆ ಇನ್ನೊಂದು ಮನೆಯ ಬಾಗಿಲು. ಸೇರಿದವನಿಗೂ ಮೊದಲ ದಿನದಿಂದಲೇ ಒಂದು ಮತ, ಒಂದು ಕೆಲಸ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಅವರಲ್ಲಿಯೇ ಆಯ್ಕೆಯಾಗುತ್ತಾರೆ. ವಾರಕ್ಕೊಮ್ಮೆ ಸಭೆ ಸೇರಿ ಲೆಕ್ಕ ಒಪ್ಪಿಸುತ್ತಾರೆ. ಗಂಡಸರಿಗೆ, ಹೆಂಗಸರಿಗೆ, ಮಕ್ಕಳೊಂದಿಗಿರುವ ತಾಯಂದಿರಿಗೆ ಬೇರೆಬೇರೆ ಮನೆಗಳುಂಟು. ಹೆಂಡದಂಗಡಿಯಲ್ಲಿ ಸಾಲ ಬರೆಸಿದ್ದವನ ಕೈಗೆ ಖಜಾನೆಯ ಪುಸ್ತಕವನ್ನು ಕೊಡುವ ಧೈರ್ಯ ಯಾವ ಸರ್ಕಾರಕ್ಕಿತ್ತು?

1988ರಲ್ಲಿ ಅಮೆರಿಕದ ಸರ್ಕಾರ ಇದನ್ನು ಗಮನಿಸಿತು. ಪ್ರತಿಯೊಂದು ಸಂಸ್ಥಾನವೂ ಒಂದು ಲಕ್ಷ ಡಾಲರುಗಳ ನಿಧಿಯನ್ನಿರಿಸಿ, ಆರು ಮಂದಿಗೆ ಕಡಿಮೆಯಿಲ್ಲದೆ ಕೂಡಿ ಇಂಥ ಮನೆ ಮಾಡುವವರಿಗೆ 4,000 ಡಾಲರುಗಳವರೆಗೆ ಸಾಲ ಕೊಡಬೇಕೆಂದು ಕಾನೂನಾಯಿತು. ದಾನವಲ್ಲ, ಸಾಲ, ಎರಡು ವರ್ಷಗಳಲ್ಲಿ ತೀರಿಸಬೇಕು, ತೀರಿದ ಹಣ ಇನ್ನೊಂದು ಮನೆಗೆ.

ಸರ್ಕಾರ ಒಪ್ಪಿದರೂ ನೆರೆಯವರು ಒಪ್ಪಬೇಕಲ್ಲ! ವಾಷಿಂಗ್ಟನ್ ಸಂಸ್ಥಾನದ ಎಡ್ಮಂಡ್ಸ್ ಎಂಬ ಊರಿನಲ್ಲಿ 1990ರಲ್ಲಿ ಇಂಥ ಮನೆಯೊಂದು ತೆರೆದಾಗ ನಗರಸಭೆ ಮೊಕದ್ದಮೆ ಹೂಡಿತು. ಕುಟುಂಬಗಳಿಗೆಂದು ಮೀಸಲಾದ ಬಡಾವಣೆಯಲ್ಲಿ, ರಕ್ತಸಂಬಂಧವಿಲ್ಲದವರು ಐವರಿಗಿಂತ ಹೆಚ್ಚು ಮಂದಿ ಒಟ್ಟಿಗಿದ್ದರೆ ಅದು ಕುಟುಂಬವಲ್ಲ ಎಂಬುದು ಅದರ ನಿಯಮ. ಬಂಧುಗಳಾದರೆ ಎಷ್ಟು ಮಂದಿಯಾದರೂ ಇರಬಹುದು! ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1995ರ ಮೇ ತಿಂಗಳಲ್ಲಿ ಆರು ಮಂದಿ ನ್ಯಾಯಾಧೀಶರ ಬಹುಮತದ ಪರವಾಗಿ ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ಬರೆದ ತೀರ್ಪಿನಲ್ಲಿ, ಇಂಥ ನಿಯಮ ವಸತಿಯಲ್ಲಿ ತಾರತಮ್ಯವನ್ನು ತಡೆಯುವ ಕಾನೂನಿನ ವಿಚಾರಣೆಯಿಂದ ತಪ್ಪಿಸಿಕೊಳ್ಳಲಾಗದೆಂದು ನಿರ್ಣಯವಾಯಿತು. ಮನೆಯೆಂದರೇನು, ಕುಟುಂಬವೆಂದರೇನು ಎಂಬ ಪ್ರಶ್ನೆಯನ್ನು ಕುಡಿತ ಬಿಟ್ಟ ಹತ್ತು ಹನ್ನೆರಡು ಮಂದಿ ಒಂದು ದೇಶದ ಅತ್ಯುನ್ನತ ನ್ಯಾಯಾಲಯದ ಮುಂದಿಟ್ಟರು.

ಇದೆಲ್ಲ ಆದರ್ಶದ ಮಾತಾಯಿತು, ಫಲವೆಷ್ಟು ಎಂದು ಲೆಕ್ಕಸ್ಥರು ಕೇಳಬಹುದು. ಷಿಕಾಗೋವಿನ ಡಿಪಾಲ್ ವಿಶ್ವವಿದ್ಯಾನಿಲಯದ ಲಿಯೊನಾರ್ಡ್ ಜೇಸನ್ ಮತ್ತು ಅವರ ಸಂಗಡಿಗರು ಚಿಕಿತ್ಸೆ ಮುಗಿಸಿದ 150 ಮಂದಿಯಲ್ಲಿ ಅರ್ಧ ಜನರನ್ನು ಇಂಥ ಮನೆಗಳಿಗೂ, ಉಳಿದರ್ಧವನ್ನು ವಾಡಿಕೆಯ ಆರೈಕೆಗೂ ಚೀಟಿಯೆತ್ತಿದಂತೆ ಹಂಚಿ, ಎರಡು ವರ್ಷ ಕಾದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮತ್ತೆ ಚಟಕ್ಕೆ ಬಿದ್ದವರು ಮನೆಗೆ ಸೇರಿದವರಲ್ಲಿ ನೂರಕ್ಕೆ 31; ಉಳಿದವರಲ್ಲಿ ನೂರಕ್ಕೆ 65. ಮನೆ ಮಂತ್ರದಂಡವಲ್ಲ, ಮೂವರಲ್ಲಿ ಒಬ್ಬ ಅಲ್ಲಿಯೂ ಜಾರುತ್ತಾನೆ. ಆದರೆ ಜಾರುವವರ ಸಂಖ್ಯೆಯನ್ನು ಅರ್ಧಕ್ಕಿಳಿಸಿದ ಸಾಧನ ಒಂದು ಬಾಡಿಗೆಯ ಮನೆ, ಒಂದು ಒಲೆ, ವಾರಕ್ಕೊಂದು ಸಭೆ ಎಂಬುದನ್ನು ಮರೆಯುವಂತಿಲ್ಲ. ಪಾಲ್ ಮಾಲಾಯ್ 2022ರಲ್ಲಿ ತೀರಿಕೊಂಡಾಗ ಅಂಥ ಮನೆಗಳ ಸಂಖ್ಯೆ ಸಾವಿರಗಳಲ್ಲಿತ್ತು.

ನಮ್ಮ ಕಡೆ ಕುಡಿತದ ವಿಚಾರವೆಂದರೆ ಬಹುಕಾಲ ಅಂಗಡಿಯ ವಿಚಾರವೇ ಆಗಿತ್ತು. 1937ರಲ್ಲಿ ರಾಜಾಜಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ತಂದರು. 1950ರ ಸಂವಿಧಾನದ 47ನೆಯ ವಿಧಿ ಅದನ್ನು ಸರ್ಕಾರಗಳ ಗುರಿಯೆಂದಿತು. 2007ರಲ್ಲಿ ಕರ್ನಾಟಕ ಸಾರಾಯಿಯನ್ನು ನಿಲ್ಲಿಸಿತು. ಮುಚ್ಚಬೇಕಾದ ಬಾಗಿಲಿನ ಚರ್ಚೆ ನಡೆದಷ್ಟು, ತೆರೆಯಬೇಕಾದ ಬಾಗಿಲಿನ ಚರ್ಚೆ ನಡೆಯಲಿಲ್ಲ. ಹಾಗೆಂದು ಏನೂ ಆಗಿಲ್ಲವೆನ್ನುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಯ ಪ್ರತ್ಯೇಕ ವಿಭಾಗವಿದೆ. ಧರ್ಮಸ್ಥಳದ ಆಶ್ರಯದಲ್ಲಿ ಹಳ್ಳಿಹಳ್ಳಿಗಳಲ್ಲಿ ನಡೆದಿರುವ ಮದ್ಯವರ್ಜನ ಶಿಬಿರಗಳು ನಮ್ಮ ನೆಲಕ್ಕೆ ತಕ್ಕ ದಾರಿಯೊಂದನ್ನು ಕಂಡುಕೊಂಡವು: ಶಿಬಿರ ಮುಗಿಸಿದವರು ತಮ್ಮೂರಿನಲ್ಲಿಯೇ ಆಗಾಗ ಕೂಡಿ ಒಬ್ಬರನ್ನೊಬ್ಬರು ಕಾಯುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕಗಳಿಂದ ಬರುವ ಮನೋರೋಗಗಳನ್ನೂ ಒಳಗೊಂಡು, ನಡುದಾರಿಯ ಮನೆಗಳನ್ನು ಸರ್ಕಾರ ಒದಗಿಸಬೇಕಾದ ಸೇವೆಗಳ ಪಟ್ಟಿಯಲ್ಲಿ ಸೇರಿಸಿತು. ಚಿಕಿತ್ಸಾಗೃಹಗಳು ನೋಂದಣಿಯಿಲ್ಲದೆ ನಡೆಯಕೂಡದು, ಒಳಗಿರುವವನಿಗೆ ಹೊರಗಿನವರೊಡನೆ ಮಾತನಾಡುವ ಹಕ್ಕಿದೆ ಎಂದೂ ಅದು ಹೇಳುತ್ತದೆ. ತಮ್ಮವರನ್ನು ಎಲ್ಲಿಗಾದರೂ ಸೇರಿಸಲು ಹೊರಟವರು ನೋಂದಣಿಯುಂಟೇ, ವೈದ್ಯರು ಬರುತ್ತಾರೆಯೇ, ಮನೆಗೆ ಮಾತನಾಡಲು ಬಿಡುತ್ತಾರೆಯೇ, ಬೇಡವೆಂದರೆ ಹೊರಗೆ ಬರಬಹುದೇ ಎಂಬ ನಾಲ್ಕು ಪ್ರಶ್ನೆಗಳನ್ನು ಹೊಸ್ತಿಲಿನಲ್ಲಿಯೇ ಕೇಳುವುದು ಒಳ್ಳೆಯದು.

ನನಗೆ ಪರಿಚಿತರಾದ ಒಬ್ಬ ಗೃಹಸ್ಥರು ಕುಡಿತ ಬಿಟ್ಟು ವರ್ಷವಾದ ಮೇಲೆ ಒಂದು ಮಾತು ಹೇಳಿದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ಎಲ್ಲರೂ ತಮ್ಮನ್ನು ರೋಗಿಯೆಂದು ನೋಡಿದರಂತೆ. ಬಾಡಿಗೆಗೆ ಕೋಣೆ ಕೇಳಲು ಹೊರಟ ದಿನದಿಂದ ಮತ್ತೆ ಕುಡುಕರಾದರಂತೆ. ಮೂರು ಕಡೆ ಮುಂಗಡ ಕೊಡಲು ಹೋಗಿ ಹಿಂದಿರುಗಿದ್ದರು. ಮೂರು ಕಡೆಯೂ ಅವರು ನಿಜವನ್ನೇ ಹೇಳಿದ್ದರು.

ಬೀಗದ ಕೈ ಮ್ಯಾಜಿಸ್ಟ್ರೇಟರಿಂದ ವೈದ್ಯರಿಗೆ, ವೈದ್ಯರಿಂದ ಮೇಲ್ವಿಚಾರಕರಿಗೆ, ಅವರಿಂದ ಕೊನೆಗೆ ಒಳಗಿರುವವರಿಗೇ ಬಂತೆಂಬುದು ಈ ಚರಿತ್ರೆಯ ಸಾರ. ಆದರೆ ಆ ಎಲ್ಲರಿಗಿಂತ ಮೊದಲು ಒಂದು ಕೈ ಇದೆ: ಮನೆಯನ್ನು ಬಾಡಿಗೆಗೆ ಕೊಡುವವನ ಕೈ. ಸಿಲ್ವರ್ ಸ್ಪ್ರಿಂಗಿನ ಆ 13 ಮಂದಿಗೆ ಛಲವಿತ್ತು, ಲೆಕ್ಕವಿತ್ತು, ಕಟ್ಟಳೆಗಳಿದ್ದವು. ಅವರನ್ನು ನಂಬಿ ಮನೆಯನ್ನು ಬಿಟ್ಟುಕೊಟ್ಟ ಒಬ್ಬ ಮಾಲೀಕನಿಲ್ಲದಿದ್ದರೆ ಅವೆಲ್ಲ ಬೀದಿಯಲ್ಲಿಯೇ ಉಳಿಯುತ್ತಿದ್ದವು. ನಮ್ಮ ಊರುಗಳಲ್ಲಿ ಬಾಡಿಗೆಗೆ ಇದೆ ಎಂಬ ಹಲಗೆಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಒಂದರ ಕೆಳಗೆ ನಿಂತು, ತಾನು ಕುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ ಎಂದು ನಿಜ ಹೇಳಿದವನಿಗೆ ಬಾಗಿಲು ತೆರೆಯುವ ದಿನ, ಈ ಕಥೆಯ ಕನ್ನಡದ ಅಧ್ಯಾಯ ಆರಂಭವಾಗುತ್ತದೆ.